ಮೂರು ಗಂಟೆ ಕುದಿಸಿದ ಸಿಮೆಂಟು: ಹೆನ್ರಿ ಲೆ ಶಾಟೆಲಿಯೇ ಅವರ ಕಥೆ

ಪಿಯುಸಿಯಲ್ಲಿ ಕೆಮಿಸ್ಟ್ರಿ ಓದಿದ ಯಾರಿಗೂ ಈ ಹೆಸರು ಹೊಸದಲ್ಲ. ಈಕ್ವಿಲಿಬ್ರಿಯಂ ಪಾಠದಲ್ಲಿ ಎರಡು ಬಾಣಗಳ ಸಮೀಕರಣ ಕೊಟ್ಟು, ಶಾಖ ಹೆಚ್ಚಿಸಿದರೆ ಕ್ರಿಯೆ ಎಡಕ್ಕೆ ಹೋಗತ್ತೋ ಬಲಕ್ಕೆ ಹೋಗತ್ತೋ ಅಂತ ಕೇಳ್ತಾರಲ್ಲ, ಆ ಪ್ರಶ್ನೆಯ ಹಿಂದಿರುವ ಹೆಸರು ಇವರದೇ. ಸಿಇಟಿ ಮುಗಿದ ಮರುದಿನ ನಾವೆಲ್ಲ ಅವರನ್ನು ಮರೆತುಬಿಟ್ಟೆವು.

ಆದರೆ ಸಿವಿಲ್ ತೆಗೆದುಕೊಂಡವರಿಗೆ ಅವರು ಮತ್ತೆ ಸಿಗುತ್ತಾರೆ, ಮೆಟೀರಿಯಲ್ಸ್ ಲ್ಯಾಬಿನಲ್ಲಿ. 30 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಹಿತ್ತಾಳೆಯ ಉಂಗುರ. ಪಕ್ಕದಲ್ಲಿ ಒಂದು ಸೀಳು. ಸೀಳಿನ ಎರಡೂ ಕಡೆ ಎರಡು ಉದ್ದನೆಯ ಮುಳ್ಳು. ಅದರೊಳಗೆ ಸಿಮೆಂಟ್ ಪೇಸ್ಟ್ ತುಂಬಿ, ಒಂದು ದಿನ ನೀರಿನಲ್ಲಿಟ್ಟು, ಮುಳ್ಳುಗಳ ತುದಿಯ ನಡುವಿನ ಅಂತರ ಅಳೆಯಬೇಕು. ಆಮೇಲೆ ಮೂರು ಗಂಟೆ ಕುದಿಸಿ, ಆರಿಸಿ, ಮತ್ತೆ ಅಳೆಯಬೇಕು. ಅಂತರ 10 ಮಿಲಿಮೀಟರಿಗಿಂತ ಹೆಚ್ಚು ಬೆಳೆದಿದ್ದರೆ ಆ ಸಿಮೆಂಟು ಕಟ್ಟಡಕ್ಕೆ ಬೇಡ. ಇದಕ್ಕೆ ಲೆ ಶಾಟೆಲಿಯೇ ಮೋಲ್ಡ್ ಅಂತ ಹೆಸರು. ಲ್ಯಾಬಿನಲ್ಲಿ ಯಾರೂ ಹಾಗೆ ಹೇಳಲ್ಲ, ಎಲ್ಲರ ಬಾಯಲ್ಲೂ ಅದು ಲೀ ಚಾಟ್ಲಿಯರ್. ಸಿಮೆಂಟಿನ ಸಾಪೇಕ್ಷ ಸಾಂದ್ರತೆ ನೋಡೋಕೆ ಸೀಮೆಎಣ್ಣೆ ಹಾಕುವ ಉದ್ದ ಕತ್ತಿನ ಗಾಜಿನ ಬುಡ್ಡಿಗೂ ಅವರದೇ ಹೆಸರು.

ಕೆಮಿಸ್ಟ್ರಿಯ ನಿಯಮ ಬರೆದವರು ಬೇರೆ, ಮೋಲ್ಡಿನವರು ಬೇರೆ ಅಂತಲೇ ನಾನು ಬಹಳ ದಿನ ಅಂದುಕೊಂಡಿದ್ದೆ. ಇಬ್ಬರೂ ಒಬ್ಬರೇ. ಅಷ್ಟೇ ಅಲ್ಲ, ಕುಲುಮೆಯೊಳಗಿನ ಶಾಖವನ್ನು ನಂಬಿಕೆಯಿಂದ ಅಳೆಯುವ ಸಾಧನ ಕೊಟ್ಟವರೂ ಅವರೇ. ಈ ಮೂರು ಕೆಲಸಗಳು ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಕಾಣುತ್ತವೆ. ಆದರೆ ವರ್ಷಗಟ್ಟಲೆ ಆರದೆ ಉರಿಯುವ ಒಂದು ಕುಲುಮೆಗೆ ಕಾಂಕ್ರೀಟಿನ ಪಾಯ ಹಾಕಬೇಕು ಅಂತ ಕೂತರೆ ಮೂರೂ ಒಟ್ಟಿಗೆ ಬೇಕಾಗುತ್ತವೆ. ಅದಕ್ಕೇ ಅವರ ಜೀವನವನ್ನು ಈ ಕಡೆಯಿಂದ ಹೇಳೋಣ ಅನ್ನಿಸಿತು.

ಸುಣ್ಣದ ಗೂಡಿನ ಮನೆತನ

ಹೆನ್ರಿ ಲೂಯಿ ಲೆ ಶಾಟೆಲಿಯೇ ಹುಟ್ಟಿದ್ದು 1850ರ ಅಕ್ಟೋಬರ್ 8ರಂದು, ಪ್ಯಾರಿಸ್‌ನಲ್ಲಿ. ತಂದೆಯ ತಂದೆ ಸುಣ್ಣದ ಗೂಡುಗಳನ್ನು ನಡೆಸುತ್ತಿದ್ದವರು. ತಂದೆ ಲೂಯಿ ಫ್ರಾನ್ಸಿನ ಗಣಿ ಇಲಾಖೆಯ ದೊಡ್ಡ ಇಂಜಿನಿಯರ್. ರೈಲು ಹಳಿ ಹಾಕುವುದರಿಂದ ಹಿಡಿದು ಅಲ್ಯೂಮಿನಿಯಂ ತಯಾರಿಕೆ, ಉಕ್ಕಿನ ಕುಲುಮೆಗಳವರೆಗೆ ಆ ಕಾಲದ ಎಲ್ಲ ಹೊಸ ಉದ್ಯಮಗಳಲ್ಲೂ ಅವರ ಕೈ ಇತ್ತು. ಐಫೆಲ್ ಟವರಿನ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಲೆ ಶಾಟೆಲಿಯೇ ಅನ್ನೋದೂ ಒಂದು. ಮಗನ ಹೆಸರು ಅಂತ ಅಂದುಕೊಳ್ಳುವವರಿದ್ದಾರೆ, ಆದರೆ ಅದು ಅಪ್ಪನದು.

ಮನೆ ತುಂಬಾ ಮಕ್ಕಳು. ತಾಯಿ ಲೂಯಿಸ್ ತುಂಬಾ ಶಿಸ್ತಿನವರು. ಹೊತ್ತಿಗೆ ಸರಿಯಾಗಿ ಏಳಬೇಕು, ಪಾಠ ಮುಗಿಸಬೇಕು, ತಟ್ಟೆಯಲ್ಲಿ ಬಡಿಸಿದ್ದನ್ನು ಬಿಡಬಾರದು. ತಂದೆಯ ಜೊತೆ ಮನೆಗೆ ಬರುತ್ತಿದ್ದವರು ಕಾರ್ಖಾನೆ, ಲ್ಯಾಬು, ಗಣಿಗಳ ಜನ. ಹಾಗಾಗಿ ಹುಡುಗನಿಗೆ ವಿಜ್ಞಾನ ಅಂದರೆ ಪುಸ್ತಕದ ವಿಷಯ ಆಗಿರಲಿಲ್ಲ. ಅದು ಬೆಂಕಿ, ಕಲ್ಲು, ಕಬ್ಬಿಣ, ಕೂಲಿ, ಖರ್ಚು ಎಲ್ಲ ಸೇರಿದ ಒಂದು ಕೆಲಸವಾಗಿತ್ತು. ಕೊನೆವರೆಗೂ ಅವರು ವಿಜ್ಞಾನವನ್ನು ಹಾಗೇ ನೋಡಿದರು.

1869ರಲ್ಲಿ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಮರುವರ್ಷವೇ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ. ಪ್ಯಾರಿಸ್ ನಗರವನ್ನು ಶತ್ರುಸೇನೆ ಸುತ್ತುವರಿಯಿತು. ಕಾಲೇಜಿನ ಹುಡುಗರಿಗೆಲ್ಲ ಕಿರಿಯ ಅಧಿಕಾರಿಯ ಪದವಿ ಕೊಟ್ಟು ನಗರದ ರಕ್ಷಣೆಗೆ ಹಚ್ಚಿದರು. ಆಗ ಲೆ ಶಾಟೆಲಿಯೇ ಅವರಿಗೆ ಇಪ್ಪತ್ತು ವರ್ಷ, ಹೆಚ್ಚು ಕಡಿಮೆ ನಮ್ಮದೇ ವಯಸ್ಸು. ಯುದ್ಧ ಮುಗಿದ ಮೇಲೆ ಗಣಿ ಶಾಲೆ ಸೇರಿ, 1873ರಲ್ಲಿ ಓದು ಮುಗಿಸಿದರು. ತಂದೆ ತೀರಿಕೊಂಡಿದ್ದೂ ಅದೇ ವರ್ಷ.

1875ರಲ್ಲಿ ಬೆಸಾನ್ಸೊ ಊರಿನಲ್ಲಿ ಗಣಿ ಇಂಜಿನಿಯರ್ ಆಗಿ ಕೆಲಸ. 1876ರಲ್ಲಿ ಜೆನೆವಿಯೆವ್ ನಿಕೋಲಾ ಅವರ ಜೊತೆ ಮದುವೆ. ಮುಂದೆ ಏಳು ಮಕ್ಕಳಾದರು. 1877ರಲ್ಲಿ ತಾವು ಓದಿದ ಗಣಿ ಶಾಲೆಯಿಂದಲೇ ಕರೆ ಬಂತು, ಕೆಮಿಸ್ಟ್ರಿ ಪಾಠ ಮಾಡೋಕೆ. ರಸಾಯನಶಾಸ್ತ್ರದಲ್ಲಿ ಆಗ ಅವರಿಗೆ ದೊಡ್ಡ ಹೆಸರೇನೂ ಇರಲಿಲ್ಲ. ಆದರೂ ಒಪ್ಪಿಕೊಂಡರು. ಅಲ್ಲಿಂದ ಜೀವನ ಬೇರೆ ದಾರಿ ಹಿಡಿಯಿತು.

ಗಣಿಯ ಬೆಂಕಿ

ಆ ಕಾಲದಲ್ಲಿ ಕಲ್ಲಿದ್ದಲ ಗಣಿಗಳಲ್ಲಿ ಮೀಥೇನ್ ಅನಿಲ ಹೊತ್ತಿಕೊಂಡು ಕಾರ್ಮಿಕರು ಸಾಯೋದು ಸಾಮಾನ್ಯವಾಗಿತ್ತು. ಸರ್ಕಾರ ಒಂದು ಆಯೋಗ ರಚಿಸಿತು. ಲೆ ಶಾಟೆಲಿಯೇ ಮತ್ತು ಅವರ ಹಿರಿಯ ಸಹೋದ್ಯೋಗಿ ಎರ್ನೆಸ್ಟ್ ಮಲ್ಲಾರ್ ಪ್ರಯೋಗಗಳ ಹೊಣೆ ಹೊತ್ತರು. ಅನಿಲ ಎಷ್ಟು ಡಿಗ್ರಿಯಲ್ಲಿ ಹೊತ್ತಿಕೊಳ್ಳತ್ತೆ, ಜ್ವಾಲೆ ಎಷ್ಟು ವೇಗವಾಗಿ ಓಡತ್ತೆ, ಗಣಿಯಲ್ಲಿ ಬಂಡೆ ಸಿಡಿಸುವ ಮದ್ದು ಹೇಗಿದ್ದರೆ ಅನಿಲಕ್ಕೆ ಬೆಂಕಿ ಹತ್ತಲ್ಲ, ಇವೆಲ್ಲ ಅವರ ಪ್ರಶ್ನೆಗಳು.

ಈ ಕೆಲಸದಲ್ಲಿ ಅವರಿಗೆ ಒಂದು ಕಷ್ಟ ಮತ್ತೆ ಮತ್ತೆ ಎದುರಾಯಿತು. ಹೆಚ್ಚಿನ ಶಾಖವನ್ನು ಸರಿಯಾಗಿ ಅಳೆಯುವ ದಾರಿಯೇ ಇರಲಿಲ್ಲ. ಪಾದರಸದ ಥರ್ಮಾಮೀಟರ್ ಸುಮಾರು 350 ಡಿಗ್ರಿಗೆ ಕೈ ಚೆಲ್ಲುತ್ತದೆ, ಪಾದರಸವೇ ಕುದಿಯುತ್ತದೆ. ಅದರ ಮೇಲೆ ಏನಿದ್ದರೂ ಅಂದಾಜು. ಹಿಂದಿನ ಶತಮಾನದಲ್ಲಿ ಇಂಗ್ಲೆಂಡಿನ ವೆಜ್‌ವುಡ್ ಜೇಡಿಮಣ್ಣಿನ ತುಂಡು ಬೆಂಕಿಯಲ್ಲಿ ಎಷ್ಟು ಕುಗ್ಗಿತು ಅಂತ ನೋಡಿ ಶಾಖ ಹೇಳುವ ಸಾಧನ ಮಾಡಿದ್ದರು. ಅದು ಕಬ್ಬಿಣ ಕರಗುವ ಶಾಖವನ್ನು ನಿಜಕ್ಕಿಂತ ಹಲವು ಪಟ್ಟು ಹೆಚ್ಚು ತೋರಿಸುತ್ತಿತ್ತು. ಕುಲುಮೆ ಕೆಲಸದವರು ಬಣ್ಣ ನೋಡಿ ಹೇಳುತ್ತಿದ್ದರು: ಕೆಂಪು, ಕಿತ್ತಳೆ, ಬಿಳಿ. ಅನುಭವಸ್ಥರ ಕಣ್ಣು ಮೋಸ ಮಾಡಲ್ಲ, ನಿಜ. ಆದರೆ ಕಣ್ಣಿನ ಅಂದಾಜಿನಿಂದ ಲೆಕ್ಕ ಹಾಕೋಕೆ ಆಗಲ್ಲ.

ಸಿಮೆಂಟು ಯಾಕೆ ಗಟ್ಟಿಯಾಗತ್ತೆ?

ಡಾಕ್ಟರೇಟಿಗೆ ಅವರು ಆರಿಸಿಕೊಂಡ ವಿಷಯ ನೀರಿನಲ್ಲೂ ಗಟ್ಟಿಯಾಗುವ ಗಾರೆಗಳು, ಅಂದರೆ ಸಿಮೆಂಟು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ 1824ರಲ್ಲೇ ಪೇಟೆಂಟ್ ಸಿಕ್ಕಿತ್ತು. ಬಂದರು, ಸೇತುವೆ ಎಲ್ಲ ಕಟ್ಟಿ ಆಗಿತ್ತು. ಆದರೆ ಆ ಬೂದು ಪುಡಿಯೊಳಗೆ ಏನಿದೆ, ನೀರು ಹಾಕಿದರೆ ಯಾಕೆ ಕಲ್ಲಾಗತ್ತೆ ಅನ್ನೋದು ಇನ್ನೂ ಸ್ಪಷ್ಟವಾಗಿರಲಿಲ್ಲ.

ಲೆ ಶಾಟೆಲಿಯೇ ಒಂದು ಸರಳ ಉಪಾಯ ಮಾಡಿದರು. ಭೂವಿಜ್ಞಾನಿಗಳು ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದೇ ರೀತಿ ಇವರು ಸಿಮೆಂಟಿನ ಕ್ಲಿಂಕರನ್ನು ಅರೆದು ನೋಡಿದರು. ಅದರಲ್ಲಿ ಬೇರೆ ಬೇರೆ ಹರಳುಗಳು ಕಂಡವು. ಮುಖ್ಯವಾದದ್ದು ಮೂರು ಪಾಲು ಸುಣ್ಣ, ಒಂದು ಪಾಲು ಸಿಲಿಕಾ ಸೇರಿದ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ಅಂತ ಗುರುತಿಸಿದರು. ನಾವು ಪರೀಕ್ಷೆಗೆ ಬಾಯಿಪಾಠ ಮಾಡುವ ಬೋಗ್ ಕಾಂಪೌಂಡುಗಳ ಪಟ್ಟಿಯಲ್ಲಿ ಮೊದಲನೆಯದು ಇದೇ.

ನೀರು ಬಿದ್ದಾಗ ಈ ಹರಳು ಕರಗುತ್ತದೆ. ಕರಗಿದ್ದು ದ್ರಾವಣದಲ್ಲಿ ಹೆಚ್ಚಾಗಿ, ಹೊಸ ಹರಳುಗಳಾಗಿ ಹೊರಬೀಳುತ್ತದೆ. ಆ ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಾಗ ಪೇಸ್ಟು ಗಟ್ಟಿಯಾಗತ್ತೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗೋದನ್ನೂ ಅವರು ಇದೇ ರೀತಿ ವಿವರಿಸಿದರು. 1887ರಲ್ಲಿ ಈ ಪ್ರಬಂಧಕ್ಕೆ ಡಾಕ್ಟರೇಟ್ ಸಿಕ್ಕಿತು. ಸಿಮೆಂಟಿನ ಅಂಟು ಹರಳಲ್ಲ, ಜೆಲ್ ಥರದ್ದು ಅಂತ ಆಮೇಲೆ ಜರ್ಮನಿಯ ಮಿಖಾಯೆಲಿಸ್ ವಾದಿಸಿದರು. ಇವತ್ತಿನ ವಿಜ್ಞಾನ ಇಬ್ಬರಿಂದಲೂ ಸ್ವಲ್ಪ ಸ್ವಲ್ಪ ತೆಗೆದುಕೊಂಡಿದೆ.

ಅವರು ಕಂಡ ಇನ್ನೊಂದು ವಿಷಯ ನಮ್ಮ ಕಥೆಗೆ ಮುಖ್ಯ. ಸಿಮೆಂಟು ನೀರಿನ ಜೊತೆ ಸೇರಿದಾಗ ಅಂಟಿನ ಜೊತೆಗೆ ಆರು ಮೂಲೆಯ ಇನ್ನೊಂದು ಹರಳೂ ಹುಟ್ಟುತ್ತದೆ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅರಳಿದ ಸುಣ್ಣ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿನೊಳಗೆ ಅದು ಇರುತ್ತದೆ. ಕಂಬಿ ತುಕ್ಕು ಹಿಡಿಯದ ಹಾಗೆ ಕಾಯೋದು ಆ ಸುಣ್ಣದ ಕ್ಷಾರ ಗುಣವೇ.

ಹಾಗಾದರೆ ಮೋಲ್ಡಿನಲ್ಲಿ ಕುದಿಸೋದು ಯಾಕೆ? ಗೂಡಿನಲ್ಲಿ ಸರಿಯಾಗಿ ಸೇರಿಕೊಳ್ಳದೆ ಉಳಿದ ಸುಟ್ಟ ಸುಣ್ಣ ಸಿಮೆಂಟಿನಲ್ಲಿದ್ದರೆ ಅದು ತಕ್ಷಣ ಅರಳಲ್ಲ. ಗೋಡೆ ಕಟ್ಟಿ, ಎಲ್ಲ ಗಟ್ಟಿಯಾಗಿ, ತಿಂಗಳುಗಳಾದ ಮೇಲೆ ನಿಧಾನಕ್ಕೆ ನೀರು ಕುಡಿದು ಉಬ್ಬುತ್ತದೆ. ಗಟ್ಟಿಯಾದ ವಸ್ತುವಿನೊಳಗೆ ಏನಾದರೂ ಉಬ್ಬಿದರೆ ಬಿರುಕು ಬಿಡಲೇಬೇಕು. ಕುದಿಸಿದರೆ ತಿಂಗಳುಗಳ ಆಟ ಮೂರೇ ಗಂಟೆಯಲ್ಲಿ ಮುಗಿಯತ್ತೆ. ಮುಳ್ಳುಗಳು ದೂರ ಸರಿದು ಬಿಡಿ ಸುಣ್ಣ ಇದೆ ಅಂತ ಹೇಳುತ್ತವೆ. ಈ ಬಿಡಿ ಸುಣ್ಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಎರಡು ಬಾಣಗಳು

ಸಿಮೆಂಟಿನ ಪ್ರಯೋಗ ನಡೆಯುತ್ತಿದ್ದಾಗಲೇ, 1884ರಲ್ಲಿ, ಅವರು ಆ ಪ್ರಸಿದ್ಧ ನಿಯಮವನ್ನು ಮೊದಲು ಪ್ರಕಟಿಸಿದರು. 1888ರಲ್ಲಿ ಅದನ್ನು ಇನ್ನೂ ಸರಳ ಮಾಡಿದರು. ಶಾಖದ ವಿಷಯದಲ್ಲಿ ಹಾಲೆಂಡಿನ ವಾಂಟ್ ಹಾಫ್ ಆಗಲೇ ಇಂಥದ್ದನ್ನು ಹೇಳಿದ್ದರು. ಲೆ ಶಾಟೆಲಿಯೇ ಅದನ್ನು ಒತ್ತಡಕ್ಕೂ ವಿಸ್ತರಿಸಿದರು. ಸಮತೋಲನದಲ್ಲಿರುವ ವ್ಯವಸ್ಥೆಯ ಮೇಲೆ ಹೊರಗಿನಿಂದ ಒಂದು ಬದಲಾವಣೆ ಹೇರಿದರೆ, ಅದು ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ಸರಿಯುತ್ತದೆ. ಅಷ್ಟೇ ನಿಯಮ.

ಹಿಂದೆಲ್ಲ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯೋಕೆ ಸುಟ್ಟ ಸುಣ್ಣವನ್ನು ನೀರಿಗೆ ಹಾಕುತ್ತಿದ್ದರು. ಕೊತ ಕೊತ ಕುದಿಯುತ್ತಿತ್ತು. ಸುಣ್ಣ ಮತ್ತು ನೀರು ಸೇರಿದಾಗ ಶಾಖ ಹೊರಬರುತ್ತದೆ. ಹಾಗಾದರೆ ಅರಳಿದ ಸುಣ್ಣಕ್ಕೆ ನಾವೇ ಶಾಖ ಕೊಟ್ಟರೆ? ಬಾಣ ಹಿಂದಕ್ಕೆ ತಿರುಗುತ್ತದೆ. ನೀರು ಆವಿಯಾಗಿ ಹೋಗಿ ಮತ್ತೆ ಸುಟ್ಟ ಸುಣ್ಣ ಉಳಿಯುತ್ತದೆ. ಕಾಂಕ್ರೀಟಿನೊಳಗೆ ಇದು ನಡೆಯೋದು ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ನಡುವೆ. ಸಿಮೆಂಟು ಗಟ್ಟಿಯಾಗೋದು ಶಾಶ್ವತ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಒಂದು ಒಪ್ಪಂದ ಅಷ್ಟೇ, ಶಾಖ ಮಿತಿಯೊಳಗೆ ಇರುವವರೆಗೆ.

ಶಾಖಕ್ಕೆ ಅಳತೆ

ಹೆಚ್ಚಿನ ಶಾಖ ಅಳೆಯುವ ಸಮಸ್ಯೆಯನ್ನು ಅವರು 1886ರ ಹೊತ್ತಿಗೆ ಬಿಡಿಸಿದರು. ಎರಡು ಬೇರೆ ಲೋಹಗಳ ತಂತಿಯ ತುದಿ ಸೇರಿಸಿ ಕಾಯಿಸಿದರೆ ಸಣ್ಣ ವಿದ್ಯುತ್ ಹುಟ್ಟುತ್ತದೆ ಅನ್ನೋದು ಹಳೆಯ ವಿಷಯ. ಹಿಂದಿನವರು ಕಬ್ಬಿಣ ಮತ್ತು ಪ್ಲಾಟಿನಂ ಬಳಸಿದ್ದರು, ಆದರೆ ಒಮ್ಮೆ ತೋರಿಸಿದ್ದನ್ನು ಅದು ಮತ್ತೊಮ್ಮೆ ತೋರಿಸುತ್ತಿರಲಿಲ್ಲ. ದೋಷ ತತ್ವದಲ್ಲಿಲ್ಲ, ತಂತಿಯಲ್ಲಿದೆ ಅಂತ ಲೆ ಶಾಟೆಲಿಯೇ ಕಂಡುಕೊಂಡರು. ಒಂದು ಕಡೆ ಶುದ್ಧ ಪ್ಲಾಟಿನಂ, ಇನ್ನೊಂದು ಕಡೆ ಶೇಕಡಾ 10 ರೋಡಿಯಂ ಸೇರಿಸಿದ ಪ್ಲಾಟಿನಂ. ಇದು ಸಾವಿರ ಡಿಗ್ರಿ ದಾಟಿದರೂ ಹೇಳಿದ ಮಾತು ಬದಲಿಸಲಿಲ್ಲ. ಇವತ್ತು ಎಸ್ ಟೈಪ್ ಥರ್ಮೋಕಪಲ್ ಅಂತ ಅಂಗಡಿಯಲ್ಲಿ ಸಿಗೋದು ಇದೇ ಜೋಡಿ.

ಕೈಗೆ ಸಾಧನ ಸಿಕ್ಕಿದ್ದೇ ತಡ, 1887ರಲ್ಲಿ ಜೇಡಿಮಣ್ಣುಗಳನ್ನು ಒಂದೇ ಸಮನೆ ಕಾಯಿಸುತ್ತಾ, ಶಾಖ ಎಲ್ಲಿ ಏರದೆ ತಡೆದು ನಿಲ್ಲತ್ತೆ ಅಂತ ಫೋಟೋ ಪ್ಲೇಟಿನ ಮೇಲೆ ದಾಖಲಿಸಿದರು. ತಡೆದು ನಿಂತ ಜಾಗದಲ್ಲಿ ಒಳಗೆ ಏನೋ ಬದಲಾಗುತ್ತಿದೆ ಅಂತ ಅರ್ಥ. ಇವತ್ತಿನ ಥರ್ಮಲ್ ಅನಾಲಿಸಿಸ್ ವಿಧಾನಗಳ ಮೊದಲು ಇದು. 1889ರಲ್ಲಿ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಕಾದಾಗ ಹೇಗೆ ಹಿಗ್ಗುತ್ತದೆ ಅಂತ ಅಳೆದರು. ನಿಧಾನವಾಗಿ ಹಿಗ್ಗುತ್ತಾ ಹೋದ ಹರಳು 570 ಡಿಗ್ರಿಯ ಹತ್ತಿರ ಇದ್ದಕ್ಕಿದ್ದ ಹಾಗೆ ಜಿಗಿಯಿತು. ಹರಳಿನ ರಚನೆಯೇ ಬದಲಾಗುವ ಆ ಬಿಂದುವನ್ನು ಈಗ 573 ಡಿಗ್ರಿ ಅಂತ ಹೇಳುತ್ತಾರೆ. 1892ರಲ್ಲಿ ಬೆಳಕಿನ ತೀವ್ರತೆ ಹೋಲಿಸಿ ದೂರದಿಂದಲೇ ಶಾಖ ಹೇಳುವ ಆಪ್ಟಿಕಲ್ ಪೈರೋಮೀಟರನ್ನೂ ಮಾಡಿದರು. ಅದನ್ನು ಹಿಡಿದು ನೋಡಿದಾಗ ಕಾರ್ಖಾನೆಗಳ ಕುಲುಮೆಗಳ ಬಗ್ಗೆ ಜನ ಹೇಳುತ್ತಿದ್ದ ಅಂಕಿಗಳು ಬಹಳಷ್ಟು ಉತ್ಪ್ರೇಕ್ಷೆ ಅಂತ ತಿಳಿಯಿತು.

ಕುಲುಮೆಯ ಕೆಳಗೆ

ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟು ಯುರೋಪಿನಲ್ಲಿ ಬೆಳೆದದ್ದು ಸರಿಸುಮಾರು ಇದೇ ವರ್ಷಗಳಲ್ಲಿ. ಫ್ರಾನ್ಸಿನ ಹೆನೆಬಿಕ್ ತಮ್ಮ ವಿಧಾನಕ್ಕೆ 1892ರಲ್ಲಿ ಪೇಟೆಂಟ್ ಪಡೆದರು. ಬೆಂಕಿಗೆ ಜಗ್ಗಲ್ಲ ಅನ್ನೋದು ಅದರ ದೊಡ್ಡ ಪ್ರಚಾರ. ಅದು ಸುಳ್ಳಲ್ಲ. ಕಟ್ಟಡಕ್ಕೆ ಬೆಂಕಿ ಬಿದ್ದರೆ ಎರಡು ಮೂರು ಗಂಟೆ ಉರಿಯತ್ತೆ. ಕಾಂಕ್ರೀಟು ಶಾಖವನ್ನು ನಿಧಾನವಾಗಿ ಒಳಗೆ ಬಿಡುವುದರಿಂದ ಕಂಬಿಗೆ ಬಿಸಿ ತಟ್ಟುವಷ್ಟರಲ್ಲಿ ಬೆಂಕಿ ಆರಿರುತ್ತದೆ. ಆದರೆ ತೋರಣಗಲ್ಲಿನಂಥ ಕಡೆ ಕಬ್ಬಿಣ ಕರಗಿಸುವ ಕುಲುಮೆ ಒಮ್ಮೆ ಹೊತ್ತಿಸಿದರೆ ತಿಂಗಳು, ವರ್ಷಗಟ್ಟಲೆ ಆರಿಸುವ ಹಾಗಿಲ್ಲ. ಅಲ್ಲಿ ನಿಧಾನ ಅನ್ನೋದು ರಕ್ಷಣೆ ಅಲ್ಲ. ಎಷ್ಟೇ ನಿಧಾನವಾದರೂ ಶಾಖ ಬಂದೇ ಬರುತ್ತದೆ.

ಒಂದು ಸರಳ ಲೆಕ್ಕ ಮಾಡೋಣ. ಕುಲುಮೆಯ ತಳದಲ್ಲಿ 1200 ಡಿಗ್ರಿ, ಪಾಯದ ಅಡಿಯಲ್ಲಿ 30 ಡಿಗ್ರಿ ಅಂತ ಇಟ್ಟುಕೊಳ್ಳಿ. ನಡುವೆ 0.6 ಮೀಟರ್ ಬೆಂಕಿ ಇಟ್ಟಿಗೆ, 0.3 ಮೀಟರ್ ಶಾಖ ತಡೆಯುವ ಹಗುರ ಇಟ್ಟಿಗೆ, ಅದರ ಕೆಳಗೆ 1.5 ಮೀಟರ್ ಕಾಂಕ್ರೀಟು. ದಪ್ಪವನ್ನು ವಾಹಕತೆಯಿಂದ ಭಾಗಿಸಿದರೆ ಉಷ್ಣ ತಡೆ. ವಾಹಕತೆ ಕ್ರಮವಾಗಿ 1.2, 0.3, 1.5 ಅಂದುಕೊಂಡರೆ ತಡೆಗಳು 0.5, 1, 1. ಒಟ್ಟು 2.5. ಅದರಲ್ಲಿ ಕಾಂಕ್ರೀಟಿನ ಪಾಲು 1. ಹಾಗಾಗಿ 1170 ಡಿಗ್ರಿಯ ಇಳಿಕೆಯಲ್ಲಿ 468 ಡಿಗ್ರಿ ಕಾಂಕ್ರೀಟಿನೊಳಗೇ ಆಗಬೇಕು. ಅಂದರೆ ಕಾಂಕ್ರೀಟಿನ ಮೇಲ್ಮೈ 498 ಡಿಗ್ರಿ!

ಸರಿ, ಭದ್ರವಾಗಿರಲಿ ಅಂತ ಕಾಂಕ್ರೀಟನ್ನು 3 ಮೀಟರ್ ಮಾಡಿದರೆ? ಮೇಲ್ಮೈ ಸುಮಾರು 700 ಡಿಗ್ರಿಗೆ ಏರುತ್ತದೆ. ಮೊದಲ ಸಲ ಲೆಕ್ಕ ಮಾಡಿದಾಗ ತಪ್ಪಾಗಿದೆ ಅಂತ ಮತ್ತೆ ಮಾಡಿದೆ, ಅದೇ ಬಂತು. ದಪ್ಪ ಹೆಚ್ಚಿಸಿದಷ್ಟೂ ಶಾಖ ಹೊರಹೋಗುವ ದಾರಿ ಉದ್ದವಾಗುತ್ತದೆ, ಮೇಲಿನ ಕಾಂಕ್ರೀಟು ಇನ್ನಷ್ಟು ಬೇಯುತ್ತದೆ. ನಿಜವಾದ ಪಾಯದಲ್ಲಿ ಪಕ್ಕದಿಂದಲೂ ಶಾಖ ಹೋಗುತ್ತದೆ, ಅಡಿಯ ಮಣ್ಣೂ ಕಾಯುತ್ತದೆ, ಅಂಕಿಗಳು ಬೇರೆಯಾಗುತ್ತವೆ. ಆದರೆ ಪಾಠ ಬದಲಾಗಲ್ಲ. ಗಟ್ಟಿಯಾಗಿ ಕಟ್ಟೋದಕ್ಕಿಂತ ಮೊದಲು ಶಾಖಕ್ಕೆ ಬೇರೆ ದಾರಿ ಮಾಡಿಕೊಡಬೇಕು.

ಇಲ್ಲಾಂದ್ರೆ ಏನಾಗತ್ತೆ? 100 ಡಿಗ್ರಿಯ ಆಸುಪಾಸಿನಲ್ಲಿ ಬಿಡಿ ನೀರು ಹೋಗುತ್ತದೆ. ಆಮೇಲೆ ಅಂಟಿನೊಳಗಿನ ನೀರೂ ಹೋಗುತ್ತಾ ಪೇಸ್ಟು ಕುಗ್ಗುತ್ತದೆ. ಅದೇ ಹೊತ್ತಿಗೆ ಜಲ್ಲಿ ಹಿಗ್ಗುತ್ತಿರುತ್ತದೆ. ಎರಡೂ ಎಳೆದಾಡಿ ಕೂದಲಿನಂಥ ಬಿರುಕು ಬಿಡುತ್ತವೆ. 400 ದಾಟಿದ ಮೇಲೆ ಅರಳಿದ ಸುಣ್ಣ ಒಡೆಯುತ್ತದೆ. 573ರಲ್ಲಿ ಬೆಣಚಿನ ಹರಳು ಜಿಗಿಯುತ್ತದೆ. ನಮ್ಮ ಕಡೆ ಸಿಗುವ ಗ್ರಾನೈಟ್ ಜಲ್ಲಿ, ಅದರಿಂದ ಮಾಡಿದ ಎಂ ಸ್ಯಾಂಡ್ ಎರಡರಲ್ಲೂ ಬೆಣಚು ಇರುತ್ತದೆ. 600ರ ಹೊತ್ತಿಗೆ ಕಂಬಿಯ ಶಕ್ತಿ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ. ಲೆ ಶಾಟೆಲಿಯೇ ಲ್ಯಾಬಿನಲ್ಲಿ ಒಂದೊಂದಾಗಿ ಅಳೆದ ಘಟನೆಗಳು ಪಾಯದೊಳಗೆ ಮೆಟ್ಟಿಲಿನ ಹಾಗೆ ಜೋಡಿಸಿಕೊಂಡಿರುತ್ತವೆ.

ಮೇಲೆ ನೆನಪಿಟ್ಟುಕೊಳ್ಳಿ ಅಂದ ಬಿಡಿ ಸುಣ್ಣ ಬರೋದು ಇಲ್ಲಿ. ಲ್ಯಾಬಿನಲ್ಲಿ ಪಾಸಾದ ಒಳ್ಳೆಯ ಸಿಮೆಂಟಿನಲ್ಲೂ ಕುಲುಮೆಯ ಶಾಖ ಹೊಸದಾಗಿ ಸುಟ್ಟ ಸುಣ್ಣವನ್ನು ಹುಟ್ಟಿಸಿರುತ್ತದೆ. ಬಿಸಿ ಇರುವವರೆಗೆ ಅದು ಸುಮ್ಮನಿರುತ್ತದೆ. ರಿಪೇರಿಗೆ ಅಂತ ಕುಲುಮೆ ಆರಿಸಿ, ಪಾಯ ತಣ್ಣಗಾಗಿ, ಗಾಳಿಯ ತೇವ ಅಥವಾ ಮೇಲಿಂದ ಸುರಿದ ನೀರು ತಾಗಿದಾಗ ಬಾಣ ಮತ್ತೆ ಮುಂದಕ್ಕೆ ತಿರುಗುತ್ತದೆ. ಸುಣ್ಣ ಅರಳಿ ಉಬ್ಬುತ್ತದೆ. ಬೇಯುವಾಗ ನಿಂತಿದ್ದ ಕಾಂಕ್ರೀಟು ತಣ್ಣಗಾದ ಮೇಲೆ ದಿನಗಳಲ್ಲಿ ಪುಡಿಯಾಗಬಹುದು. ರಿಪೇರಿಗೆ ಇಳಿದ ಕೆಲಸಗಾರರು ಅದರ ಪಕ್ಕದಲ್ಲೇ ನಿಂತಿರುತ್ತಾರೆ. ಅಂದರೆ ಆ ಪುಟ್ಟ ಹಿತ್ತಾಳೆ ಉಂಗುರದಲ್ಲಿ ನಾವು ನೋಡುವ ಉಬ್ಬುವಿಕೆಯೇ ಇಲ್ಲಿ ಇಡೀ ಪಾಯದ ಗಾತ್ರದಲ್ಲಿ ನಡೆಯುತ್ತದೆ.

ಅದಕ್ಕೇ ಇಂಥ ಪಾಯಗಳ ವಿನ್ಯಾಸದಲ್ಲಿ ಮೊದಲ ಕೆಲಸ ಕಾಂಕ್ರೀಟನ್ನು ತಣ್ಣಗಿಡುವುದು. ಅಮೆರಿಕದ ಅಣುಸ್ಥಾವರಗಳ ಕಾಂಕ್ರೀಟ್ ಸಂಹಿತೆ ದೀರ್ಘಕಾಲದ ಶಾಖಕ್ಕೆ 65 ಡಿಗ್ರಿ, ಪೈಪು ಹಾಯುವಂಥ ಸಣ್ಣ ಜಾಗಗಳಲ್ಲಿ 93 ಡಿಗ್ರಿ ಮಿತಿ ಇಡುತ್ತದೆ. 400 ಎಲ್ಲಿ, 65 ಎಲ್ಲಿ! ಅದನ್ನು ಸಾಧಿಸೋಕೆ ದೊಡ್ಡ ಕುಲುಮೆಗಳ ತಳದಲ್ಲಿ ಇಟ್ಟಿಗೆಗೂ ಪಾಯಕ್ಕೂ ನಡುವೆ ಗಾಳಿ ಅಥವಾ ನೀರು ಹರಿಯುವ ಕೊಳವೆಗಳನ್ನು ಹಾಕುತ್ತಾರೆ. ಶಾಖ ಕಾಂಕ್ರೀಟು ಮುಟ್ಟುವ ಮೊದಲೇ ಹೊರಗೆ ಹೋಗುತ್ತದೆ. ಎರಡನೆಯದು, ಮೇಲೆ ಬಿಸಿ ಕೆಳಗೆ ತಂಪು ಇದ್ದಾಗ ಬಿಸಿ ಕಡೆ ಹಿಗ್ಗಲು ನೋಡಿ ಒತ್ತಡಕ್ಕೆ ಸಿಗುತ್ತದೆ, ತಂಪು ಕಡೆ ಎಳೆತಕ್ಕೆ ಸಿಗುತ್ತದೆ. ಹಾಗಾಗಿ ಬಿರುಕು ತಡೆಯುವ ಕಂಬಿ ತಂಪು ಮುಖದಲ್ಲಿ ಸಾಕಷ್ಟು ಇರಬೇಕು, ಹಿಗ್ಗೋಕೆ ಜಾಯಿಂಟು ಬಿಟ್ಟಿರಬೇಕು. ಮೂರನೆಯದು ಸಾಮಗ್ರಿ. ಬೆಣಚು ಕಡಿಮೆ ಇರುವ ಜಲ್ಲಿ, ಇನ್ನೂ ಬಿಸಿಯ ಜಾಗಕ್ಕೆ ಹೈ ಅಲ್ಯುಮಿನಾ ಸಿಮೆಂಟು. ಅದರಲ್ಲಿ ಅರಳಿದ ಸುಣ್ಣ ಹುಟ್ಟುವುದೇ ಇಲ್ಲ. ಫ್ರಾನ್ಸಿನದೇ ಲಫಾರ್ಜ್ ಕಂಪನಿಯ ಜೂಲ್ ಬಿಯೇ 1908ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ತನ್ನದೇ ತೊಂದರೆಗಳಿವೆ. ತೇವ ಮತ್ತು ಬೆಚ್ಚನೆಯ ಜಾಗದಲ್ಲಿ ಅದು ಕಾಲ ಕಳೆದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಕೊನೆಯದಾಗಿ, ಪಾಯದೊಳಗೆ ಅಲ್ಲಲ್ಲಿ ಥರ್ಮೋಕಪಲ್ ಹೂತಿಟ್ಟು ವರ್ಷಪೂರ್ತಿ ನೋಡುತ್ತಿರಬೇಕು.

ಒಂದು ಸ್ಫೋಟ

ಇಷ್ಟು ಜಾಗ್ರತೆಯ ಮನುಷ್ಯನೂ ಒಮ್ಮೆ ಎಡವಿದರು. 1901ರಲ್ಲಿ ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿಸಿ ಅಮೋನಿಯಾ ಮಾಡಲು ಹೊರಟರು. ತಮ್ಮದೇ ನಿಯಮದ ಪ್ರಕಾರ ಒತ್ತಡ ಹೆಚ್ಚಿರಬೇಕು. 200 ವಾತಾವರಣ ಒತ್ತಡ, 600 ಡಿಗ್ರಿ ಶಾಖ, ಕಬ್ಬಿಣದ ವೇಗವರ್ಧಕ. ದಾರಿ ಸರಿಯಾಗಿತ್ತು. ಆದರೆ ಉಪಕರಣದೊಳಗೆ ಗಾಳಿ ಸೇರಿಕೊಂಡಿತ್ತು. ಗಾಳಿಯ ಆಮ್ಲಜನಕ ಹೈಡ್ರೋಜನ್ ಜೊತೆ ಸೇರಿ ಭಯಂಕರ ಸ್ಫೋಟವಾಯಿತು. ಸಹಾಯಕರೊಬ್ಬರು ಸಾವಿನಿಂದ ಸ್ವಲ್ಪದರಲ್ಲಿ ಪಾರಾದರು. ಅಲ್ಲಿಗೆ ಆ ಕೆಲಸ ಕೈಬಿಟ್ಟರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ಹೇಬರ್ ಅದನ್ನು ಸಾಧಿಸಿ ಜಗತ್ತಿನ ಗೊಬ್ಬರದ ಕಥೆಯನ್ನೇ ಬದಲಿಸಿದರು.

ಇಪ್ಪತ್ತು ವರ್ಷ ಗಣಿ ಸ್ಫೋಟಗಳ ಬಗ್ಗೆ ದುಡಿದವರ ಲ್ಯಾಬಿನಲ್ಲೇ ಅನಿಲದ ಸ್ಫೋಟ. ಲೆ ಶಾಟೆಲಿಯೇ ಇದನ್ನು ಮುಚ್ಚಿಡಲಿಲ್ಲ. ಅಮೋನಿಯಾ ಕೈ ತಪ್ಪಿದ್ದು ತಮ್ಮ ವಿಜ್ಞಾನ ಜೀವನದ ಅತಿ ದೊಡ್ಡ ತಪ್ಪು ಅಂತ ವಯಸ್ಸಾದ ಮೇಲೆ ತಾವೇ ಬರೆದುಕೊಂಡರು. ಅವರ ಸಮೀಕರಣ ತಪ್ಪಾಗಿರಲಿಲ್ಲ. ಚೆಕ್ ಮಾಡದೆ ಬಿಟ್ಟ ಒಂದು ಸಣ್ಣ ವಿಷಯ ಇಡೀ ಕೆಲಸವನ್ನು ಕೆಡಿಸಿತು.

ಉಳಿದ ವರ್ಷಗಳು

ವಿಜ್ಞಾನ ಅಕಾಡೆಮಿಯ ಬಾಗಿಲು ಅವರಿಗೆ ಸುಲಭವಾಗಿ ತೆರೆಯಲಿಲ್ಲ. ಹಲವು ಸಲ ಸ್ಪರ್ಧಿಸಿ ಸೋತು, ಕೊನೆಗೆ 1907ರಲ್ಲಿ ಸದಸ್ಯರಾದರು. ಅದೇ ವರ್ಷ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಮ್ವಾಸಾನ್ ಅವರ ಸ್ಥಾನಕ್ಕೆ ಪ್ರಾಧ್ಯಾಪಕರಾಗಿ ಬಂದರು. 1904ರಲ್ಲಿ ಲೋಹಶಾಸ್ತ್ರಕ್ಕೆ ಅಂತ ಒಂದು ಪತ್ರಿಕೆ ಶುರು ಮಾಡಿ, ಲ್ಯಾಬಿನವರು ಮತ್ತು ಕಾರ್ಖಾನೆಯವರು ಒಬ್ಬರ ಮಾತು ಒಬ್ಬರು ಕೇಳುವ ಹಾಗೆ ಮಾಡಿದರು. ಅಮೆರಿಕದ ಟೇಲರ್ ಅವರ ಕೆಲಸ ನಿರ್ವಹಣೆಯ ವಿಚಾರಗಳನ್ನು ಫ್ರಾನ್ಸಿಗೆ ಪರಿಚಯಿಸಿದರು. ಅಸಿಟಿಲೀನ್ ಮತ್ತು ಆಮ್ಲಜನಕ ಸೇರಿದರೆ 3000 ಡಿಗ್ರಿ ದಾಟುವ ಜ್ವಾಲೆ ಬರುತ್ತದೆ ಅಂತ 1895ರಲ್ಲೇ ತೋರಿಸಿದ್ದರು. ಗ್ಯಾಸ್ ವೆಲ್ಡಿಂಗ್ ಅಂಗಡಿಯ ಮುಂದೆ ಹಾದುಹೋಗುವಾಗ ಅದೂ ನೆನಪಿರಲಿ.

ಮೊದಲ ಮಹಾಯುದ್ಧದ ಕಾಲದಲ್ಲಿ ಅವರಿಗೆ ಅರವತ್ತು ದಾಟಿತ್ತು. ಆಗಲೂ ಉಕ್ಕಿನ ಕುಲುಮೆಗಳ ಸಿಲಿಕಾ ಇಟ್ಟಿಗೆ ಯಾಕೆ ಬಿರುಕು ಬಿಡುತ್ತದೆ ಅಂತ ಅಧ್ಯಯನ ಮಾಡುತ್ತಿದ್ದರು. 1889ರಲ್ಲಿ ಬೆಣಚುಕಲ್ಲನ್ನು ಕಾಯಿಸಿ ನೋಡಿದ ಅದೇ ಪ್ರಶ್ನೆ. 1916ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡೇವಿ ಪದಕ ಕೊಟ್ಟಿತು. 1919ರಲ್ಲಿ ನಿವೃತ್ತರಾದರು, ಆದರೆ ಬರೆಯೋದು ನಿಲ್ಲಿಸಲಿಲ್ಲ. 1936ರ ಸೆಪ್ಟೆಂಬರ್ 17ರಂದು, ತಮ್ಮ 85ನೇ ವಯಸ್ಸಿನಲ್ಲಿ, ಫ್ರಾನ್ಸಿನ ಆಲ್ಪ್ಸ್ ಕಡೆಯ ಮಿರಿಬೆಲ್ ಲೆ ಎಶೆಲ್ ಎಂಬ ಹಳ್ಳಿಯಲ್ಲಿ ತೀರಿಕೊಂಡರು.

ಮುಂದಿನ ಸೆಮಿಸ್ಟರಿನಲ್ಲಿ ನಮ್ಮ ಜೂನಿಯರ್ಸ್ ಆ ಹಿತ್ತಾಳೆ ಉಂಗುರ ಹಿಡಿದು ನಿಲ್ಲುತ್ತಾರೆ. ಮೂರು ಗಂಟೆ ಕುದಿಯೋಕೆ ಯಾರಿಗೂ ತಾಳ್ಮೆ ಇರಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋ ಗುಟ್ಟು. ಹಳೆಯ ರೆಕಾರ್ಡ್ ನೋಡಿ 2 ಮಿಲಿಮೀಟರ್ ಅಂತ ಬರೆದರೂ ಮಾರ್ಕ್ಸ್ ಬರುತ್ತದೆ. ನಾವೂ ಹಾಗೇ ಬರೆದಿದ್ದೇವೆ. ಆದರೆ ಆ ಉಂಗುರ ಕೇಳುವ ಪ್ರಶ್ನೆ ಏನು ಅಂತ ಈಗ ಗೊತ್ತಾಗಿದೆ: ಈ ಸಿಮೆಂಟು ಇವತ್ತು ಗಟ್ಟಿಯಾಗಿದೆ ಸರಿ, ಶಾಖ ಮತ್ತು ನೀರು ಎರಡೂ ತಾಗಿದ ಮೇಲೆ ನಾಳೆ ಏನು ಮಾಡತ್ತೆ? ಕುಲುಮೆಯ ಪಾಯದ ಪಕ್ಕ ನಿಂತು ಕೆಲಸ ಮಾಡುವವರ ಜೀವ ಈ ಉತ್ತರದ ಮೇಲೆ ನಿಂತಿರುತ್ತದೆ. ಹಾಗಾಗಿ ಮುಂದಿನ ಸಲ ಪೂರ್ತಿ ಮೂರು ಗಂಟೆ ಕುದಿಸೋಣ. ಬಂದ ಅಂಕಿಯನ್ನೇ ಬರೆಯೋಣ.